ಕಣ್ಣಿನ ವಿದ್ಯಾರ್ಥಿ, ಕಿವಿಯ ವಿದ್ಯಾರ್ಥಿ

ಸಿಯಾಲ್ದಾ ಸ್ಟೇಶನ್ನಿನ ಹೊರಗೆ ಅಪರಿಚಿತರೊಬ್ಬರು ಕಾಲೇಜ್ ಸ್ಟ್ರೀಟಿನ ಕಾಫಿ ಹೌಸಿಗೆ ದಾರಿ ಕೇಳುತ್ತಾರೆ. ಆಗ ನೀವು ಏನು ಮಾಡುತ್ತೀರಿ? ಚೀಟಿಯ ಮೇಲೆ ನಕ್ಷೆ ಗೀಚಿ ಕೊಡುತ್ತೀರಾ? ಮಹಾತ್ಮ ಗಾಂಧಿ ರಸ್ತೆ ಹಿಡಿದು ಪಶ್ಚಿಮಕ್ಕೆ ಹೋಗಿ, ಕಾಲೇಜ್ ಸ್ಟ್ರೀಟ್ ಕೂಡುವಲ್ಲಿ ಎಡಕ್ಕೆ ಹೊರಳಿ ಎಂದು ಬಾಯಲ್ಲಿ ಹೇಳುತ್ತೀರಾ? ಅದನ್ನೇ ಬರೆದು ಕೊಡುತ್ತೀರಾ? ಅಥವಾ ‘ಬನ್ನಿ’ ಎಂದು ಅವರ ಜೊತೆ ನಡೆದೇ ಬಿಡುತ್ತೀರಾ?

ಕಾಲೇಜಿಗೆ ಸೇರಿದ ಮೊದಲ ವಾರಗಳಲ್ಲಿ ಇಂಥ ಹದಿನಾರು ಪ್ರಶ್ನೆಗಳ ಹಾಳೆಯೊಂದು ಅನೇಕ ವಿದ್ಯಾರ್ಥಿಗಳ ಕೈಗೆ ಬರುತ್ತದೆ. ಹತ್ತು ನಿಮಿಷದಲ್ಲಿ ಉತ್ತರ ಗುರುತು ಮಾಡಿ ಕೂಡಿಸಿದರೆ ಫಲಿತಾಂಶ ಸಿದ್ಧ: ನೀನು ನೋಡಿ ಕಲಿಯುವವಳು, ನೀನು ಕೇಳಿ ಕಲಿಯುವವನು, ನೀನು ಓದಿ ಬರೆದು ಕಲಿಯುವವಳು, ನೀನು ಕೈಯಿಂದ ಮಾಡಿ ಕಲಿಯುವವನು. ಇದಕ್ಕೆ ‘ಲರ್ನಿಂಗ್ ಸ್ಟೈಲ್’ ಎಂದು ಹೆಸರು. ನಿನ್ನ ಶೈಲಿ ಯಾವುದೆಂದು ತಿಳಿದುಕೊಂಡು ಅದಕ್ಕೆ ತಕ್ಕಂತೆ ಓದಿದರೆ ಕಾಲೇಜಿನಲ್ಲಿ ಗೆಲ್ಲುತ್ತೀ ಎಂಬ ಭರವಸೆ ಅದರ ಜೊತೆಗೇ ಬರುತ್ತದೆ. ಕೋಲ್ಕತ್ತದಲ್ಲೂ ಧಾರವಾಡದಲ್ಲೂ ಈ ಭರವಸೆಗೆ ಒಳ್ಳೆಯ ಬೆಲೆಯಿದೆ, ಏಕೆಂದರೆ ಕೇಳಲು ಅದು ಹಿತವಾಗಿದೆ. ಎಲ್ಲರೂ ಬೇರೆ ಬೇರೆ, ಯಾರೂ ದಡ್ಡರಲ್ಲ, ಪಾಠ ನಿನಗೆ ಒಗ್ಗುವ ದಾರಿಯಲ್ಲಿ ಬಂದಿಲ್ಲ ಅಷ್ಟೇ ಎನ್ನುವ ಮಾತನ್ನು ಯಾರು ತಾನೇ ಬೇಡವೆನ್ನುತ್ತಾರೆ?

ಕಷ್ಟವೆಂದರೆ, ಈ ಭರವಸೆ ನಿಜವೆಂದು ತೋರಿಸಲು ಈವರೆಗೆ ಯಾರಿಗೂ ಸರಿಯಾಗಿ ಆಗಿಲ್ಲ. ಅದನ್ನು ನಂಬಿ ನಡೆಯುವ ವಿದ್ಯಾರ್ಥಿಗೆ ಆಗುವ ನಷ್ಟವೂ ಸಣ್ಣದಲ್ಲ. ಹಳ್ಳಿಯಿಂದ, ತಾಲ್ಲೂಕಿನ ಪಿಯು ಕಾಲೇಜಿನಿಂದ ದೂರದ ಮಹಾನಗರಕ್ಕೆ ಬಂದವರಿಗೆ ಅದು ಇನ್ನೂ ಹೆಚ್ಚು.

ಮೊದಲು ಈ ಹಾಳೆಯ ಇತಿಹಾಸ. ನ್ಯೂಜಿಲೆಂಡಿನ ಶಿಕ್ಷಕ ನೀಲ್ ಫ್ಲೆಮಿಂಗ್ ತಮ್ಮ ಸಹೋದ್ಯೋಗಿಯೊಬ್ಬರ ಜೊತೆ 1992ರಲ್ಲಿ ಈ ನಾಲ್ಕು ಬಗೆಗಳ ವಿಂಗಡಣೆಯನ್ನು ಪ್ರಕಟಿಸಿದರು. ತಾನು ಅಳೆಯುತ್ತಿರುವುದು ವಿದ್ಯಾರ್ಥಿಯ ಇಷ್ಟವನ್ನು, ಸಾಮರ್ಥ್ಯವನ್ನಲ್ಲ ಎಂದು ಫ್ಲೆಮಿಂಗರೇ ಹೇಳಿದ್ದರು. ಅವರ ಹಾಳೆ ಜಗತ್ತು ಸುತ್ತಿತು, ಈ ಎಚ್ಚರಿಕೆ ಮಾತ್ರ ಜೊತೆಗೆ ಬರಲಿಲ್ಲ. ಇಂಥದೇ ಬೇರೆ ವಿಂಗಡಣೆಗಳೂ ಹುಟ್ಟಿಕೊಂಡವು. 2004ರಲ್ಲಿ ಬ್ರಿಟನ್ನಿನ ಸಂಶೋಧಕರ ತಂಡವೊಂದು ಎಣಿಸಿ ನೋಡಿದಾಗ 71 ಬಗೆಯ ‘ಶೈಲಿ’ ಪದ್ಧತಿಗಳು ಸಿಕ್ಕಿದ್ದವು. ಒಬ್ಬನೇ ವಿದ್ಯಾರ್ಥಿಗೆ 71 ಜಾತಕ!

2008ರಲ್ಲಿ ಹೆರಾಲ್ಡ್ ಪ್ಯಾಶ್ಲರ್ ಮತ್ತು ಇನ್ನು ಮೂವರು ಮನಶ್ಶಾಸ್ತ್ರಜ್ಞರು ಒಂದು ಸರಳ ಪ್ರಶ್ನೆ ಎತ್ತಿದರು. ಶೈಲಿಯ ಮಾತು ನಿಜವಾದರೆ ಏನು ಕಾಣಬೇಕು? ‘ಕಣ್ಣಿನವರು’ ಮತ್ತು ‘ಕಿವಿಯವರು’ ಎಂದು ವಿದ್ಯಾರ್ಥಿಗಳನ್ನು ವಿಂಗಡಿಸಬೇಕು. ಎರಡೂ ಗುಂಪಿನ ಅರ್ಧ ಮಂದಿಗೆ ಚಿತ್ರದ ಮೂಲಕ, ಇನ್ನರ್ಧ ಮಂದಿಗೆ ಮಾತಿನ ಮೂಲಕ ಒಂದೇ ಪಾಠ ಹೇಳಬೇಕು. ಕೊನೆಗೆ ಎಲ್ಲರಿಗೂ ಒಂದೇ ಪರೀಕ್ಷೆ. ಕಣ್ಣಿನವರು ಚಿತ್ರದಿಂದಲೂ ಕಿವಿಯವರು ಮಾತಿನಿಂದಲೂ ಹೆಚ್ಚು ಕಲಿತಿದ್ದರೆ ಶೈಲಿ ಇದೆ ಎಂದು ಒಪ್ಪಬಹುದು. ಹೀಗೆ ಕ್ರಮವಾಗಿ ನಡೆದ ಅಧ್ಯಯನಗಳನ್ನು ಅವರು ಹುಡುಕಿದರು. ಸಿಕ್ಕಿದ್ದೇ ಬೆರಳೆಣಿಕೆಯಷ್ಟು, ಅವುಗಳಲ್ಲೂ ಹಲವು ಈ ನಂಬಿಕೆಗೆ ವಿರುದ್ಧವಾಗಿದ್ದವು. ಶೈಲಿಗೆ ತಕ್ಕಂತೆ ಪಾಠ ಮಾಡಲು ಸಾಕಷ್ಟು ಆಧಾರವಿಲ್ಲ ಎಂದು ಅವರು ಬರೆದರು.

ಅದಾಗಿ ಹತ್ತು ವರ್ಷದ ಮೇಲೆ ಅಮೆರಿಕದ ಇಂಡಿಯಾನಾ ವಿಶ್ವವಿದ್ಯಾಲಯದಲ್ಲಿ ಅಂಗರಚನಾಶಾಸ್ತ್ರದ ವಿದ್ಯಾರ್ಥಿಗಳ ಮೇಲೆ ನಡೆದ ಅಧ್ಯಯನ ಇನ್ನೂ ಸ್ವಾರಸ್ಯಕರ. ವಿದ್ಯಾರ್ಥಿಗಳು ಪ್ರಶ್ನಾವಳಿ ತುಂಬಿ ತಮ್ಮ ತಮ್ಮ ಶೈಲಿ ತಿಳಿದುಕೊಂಡರು. ಆದರೆ ಮೂರರಲ್ಲಿ ಎರಡು ಪಾಲು ಜನ ಆ ಶೈಲಿಯಂತೆ ಓದಲೇ ಇಲ್ಲ. ಹಾಗೆ ಓದಿದವರಿಗೂ ಹೆಚ್ಚು ಅಂಕ ಬರಲಿಲ್ಲ. ಅಂಕದ ಜೊತೆ ನಂಟು ಕಂಡದ್ದು ಕಂಪ್ಯೂಟರಿನಲ್ಲಿ ಸೂಕ್ಷ್ಮದರ್ಶಕದ ಚಿತ್ರಗಳನ್ನು ನೋಡುತ್ತಿದ್ದ ಅಭ್ಯಾಸಕ್ಕೆ, ಅದೂ ವಿದ್ಯಾರ್ಥಿಯ ಶೈಲಿ ಯಾವುದಿದ್ದರೂ. ಯೋಚಿಸಿದರೆ ಇದರಲ್ಲಿ ಅಚ್ಚರಿಯೇನಿಲ್ಲ. ಜೀವಕೋಶ ಹೇಗಿದೆ ಎಂಬುದನ್ನು ಕಿವಿಯಿಂದ ಕಲಿಯುವ ಉಪಾಯವಿಲ್ಲ. ಹೃದಯದ ಬಡಿತದಲ್ಲಿನ ದೋಷವನ್ನು ಚಿತ್ರದಿಂದ ಕಲಿಯಲಾಗದು, ಕೇಳಲೇಬೇಕು. ಟೈಟ್ರೇಶನ್ನಿನಲ್ಲಿ ಕೊನೆಯ ಹನಿ ಯಾವುದೆಂದು ಕೈಗೇ ಗೊತ್ತಾಗಬೇಕು. ‘ಜಲ’ ಎಂದು ಬರೆದದ್ದನ್ನು ಬಂಗಾಳಿಗರು ‘ಜೊಲ್’ ಎನ್ನುತ್ತಾರೆ ಎಂಬುದು ಲಿಪಿ ಕಲಿತ ಮಾತ್ರಕ್ಕೆ ತಿಳಿಯುವುದಿಲ್ಲ. ಕಣ್ಣು ಬೇಕೋ ಕಿವಿ ಬೇಕೋ ಎಂಬುದನ್ನು ತೀರ್ಮಾನಿಸುವುದು ಪಾಠದ ವಸ್ತು. ಕಲಿಯುವವನ ಸ್ವಭಾವಕ್ಕೆ ಅದರಲ್ಲಿ ಪಾಲು ಕಡಿಮೆ.

ಮೈಸೂರಿನಿಂದ ಕಲ್ಕತ್ತಕ್ಕೆ ಕಲಿಯಲು ಹೋದ ಒಬ್ಬರ ಕಥೆಯನ್ನು ಈ ಹಾಳೆಯ ಪಕ್ಕದಲ್ಲಿಟ್ಟು ನೋಡಬೇಕು. ಚಿತ್ರಕಾರ ಕೆ. ವೆಂಕಟಪ್ಪ ಹುಟ್ಟಿದ್ದು ಅರಮನೆಗೆ ಚಿತ್ರ ಬರೆಯುತ್ತಿದ್ದ ಚಿತ್ರಗಾರರ ಮನೆತನದಲ್ಲಿ. ನಾಲ್ವಡಿ ಕೃಷ್ಣರಾಜ ಒಡೆಯರು 1909ರಲ್ಲಿ ಅವರನ್ನು ಕಲ್ಕತ್ತದ ಸರ್ಕಾರಿ ಕಲಾಶಾಲೆಗೆ ಕಳಿಸಿದರು. ಅಲ್ಲಿ ಅವನೀಂದ್ರನಾಥ ಠಾಕೂರರು ಗುರು, ನಂದಲಾಲ ಬೋಸರು ಸಹಪಾಠಿ. ಪ್ರಶ್ನಾವಳಿ ಆಗ ಇದ್ದಿದ್ದರೆ ವೆಂಕಟಪ್ಪನವರಿಗೆ ‘ಕಣ್ಣಿನ ವಿದ್ಯಾರ್ಥಿ’ ಎಂಬ ಮುದ್ರೆ ಬೀಳುತ್ತಿದ್ದುದರಲ್ಲಿ ಸಂಶಯವಿಲ್ಲ. ಮನೆತನವೇ ಸಾಕ್ಷಿ. ಆದರೆ ಅದೇ ವೆಂಕಟಪ್ಪ ಮುಂದೆ ಮೈಸೂರಿಗೆ ಬಂದು ವೀಣೆ ಶೇಷಣ್ಣನವರ ಬಳಿ ವೀಣೆ ಕಲಿತರು. ಅದೂ ಹವ್ಯಾಸಕ್ಕೆ ನಾಲ್ಕು ದಿನ ನುಡಿಸಿ ಬಿಟ್ಟದ್ದಲ್ಲ, ಚಿತ್ರಕಲೆಗೆ ಪೈಪೋಟಿ ಕೊಡುವಷ್ಟು ಗಂಭೀರವಾದ ಸಾಧನೆ. ಕುಂಚ ಹಿಡಿದ ಕೈ ಪ್ಲಾಸ್ಟರಿನಲ್ಲಿ ಉಬ್ಬುಶಿಲ್ಪವನ್ನೂ ಮಾಡಿತು.

ಗುರುವಿನ ವಿಷಯ ಇನ್ನೂ ಮುಖ್ಯ. ಅವನೀಂದ್ರನಾಥರ ಮಾರ್ಗ ಭಾವದ್ದು, ಕಲ್ಪನೆಯದು. ಬಣ್ಣವನ್ನು ನೀರಿನಲ್ಲಿ ಅದ್ದಿ ತೊಳೆದು ಮಂಜಿನಂತೆ ಮಾಡುವ ವಿಧಾನವನ್ನು ಅವರು ಜಪಾನಿನ ಕಲಾವಿದರನ್ನು ಕಂಡು ರೂಢಿಸಿಕೊಂಡಿದ್ದರು. ವೆಂಕಟಪ್ಪನವರ ಒಲವು ಕಂಡದ್ದನ್ನು ಕಂಡಷ್ಟೇ ನಿಖರವಾಗಿ ಹಿಡಿಯುವ ಕಡೆಗೆ. 1926ರ ಹೊತ್ತಿನ ಅವರ ಉದಕಮಂಡಲದ ಜಲವರ್ಣ ಚಿತ್ರಗಳನ್ನು ನೋಡಿದರೆ ಗುರುವಿಗೂ ಶಿಷ್ಯನಿಗೂ ಇದ್ದ ದೂರ ಕಾಣುತ್ತದೆ. ಆದರೂ ಅವರು ಕಲ್ಕತ್ತದಲ್ಲಿ ಏಳು ವರ್ಷ ಇದ್ದರು. ತಮ್ಮ ಸ್ವಭಾವಕ್ಕೆ ಒಗ್ಗದ ಗುರುವಿನ ಕೆಳಗೆ ಕೈ ಪಳಗಿಸಿಕೊಂಡರು, ಬೇಕಾದ್ದನ್ನು ಇಟ್ಟುಕೊಂಡು ಉಳಿದದ್ದನ್ನು ಬಿಟ್ಟರು. ಒಬ್ಬರ ಬದುಕಿನಿಂದ ಸಿದ್ಧಾಂತ ಕಟ್ಟಲಾಗದು, ಅದು ನಿಜ. ಆದರೆ ‘ಈ ಮೇಷ್ಟರ ಪಾಠ ನನ್ನ ಶೈಲಿಯಲ್ಲಿಲ್ಲ’ ಎಂದು ಮೊದಲ ಸೆಮಿಸ್ಟರಿನಲ್ಲೇ ಹಿಂದಿನ ಬೆಂಚಿಗೆ ಸರಿಯುವ ಹುಡುಗನಿಗೆ ಈ ಏಳು ವರ್ಷ ಹೇಳುವುದು ಬಹಳವಿದೆ.

ಇಲ್ಲಿಂದ ಇಂದಿನ ಕೋಲ್ಕತ್ತಕ್ಕೆ ಬರೋಣ. ಹಾವೇರಿ ಕಡೆಯ ಒಬ್ಬ ಹುಡುಗಿಯನ್ನು ಕಲ್ಪಿಸಿಕೊಳ್ಳಬಹುದು. ಹತ್ತರವರೆಗೆ ಕನ್ನಡ ಮಾಧ್ಯಮ, ಪಿಯುಸಿಯಲ್ಲಿ ವಿಜ್ಞಾನ, ಒಳ್ಳೆಯ ಅಂಕ, ಪ್ರವೇಶ ಪರೀಕ್ಷೆ ಪಾಸಾಗಿ ಕೋಲ್ಕತ್ತದ ಕಾಲೇಜಿಗೆ ಬಂದಿದ್ದಾಳೆ. ಕ್ಲಾಸಿನಲ್ಲಿ ಇಂಗ್ಲಿಷು, ಅದೂ ಬಂಗಾಳಿ ಉಚ್ಚಾರದ್ದು. ಪಾಠದ ನಡುವೆ ಅಧ್ಯಾಪಕರು ಹೇಳುವ ತಮಾಷೆ ಬಂಗಾಳಿಯಲ್ಲಿ. ಮೆಸ್ಸಿನಲ್ಲಿ ಹಿಂದಿ. ಊರಿನಿಂದ ತಂದ ಚಟ್ನಿಪುಡಿ ಇರುವ ತನಕ ಊಟಕ್ಕೊಂದು ಧೈರ್ಯ. ಒಂದು ಗಂಟೆಯ ಪಾಠ ಮುಗಿದಾಗ ತಲೆಯಲ್ಲಿ ಉಳಿದದ್ದು ಹತ್ತು ನಿಮಿಷದ್ದು. ಅಷ್ಟರಲ್ಲಿ ಈ ಹಾಳೆ ಬರುತ್ತದೆ. ‘ಉಪನ್ಯಾಸ ಕೇಳುವುದು ನಿಮಗೆ ಇಷ್ಟವೋ, ಓದುವುದು ಇಷ್ಟವೋ?’ ಅವಳು ಓದುವುದೇ ಇಷ್ಟ ಎಂದು ಗುರುತು ಹಾಕುತ್ತಾಳೆ. ಇನ್ನೇನು ಹಾಕಿಯಾಳು? ಪುಸ್ತಕದ ಸಾಲನ್ನು ನಿಲ್ಲಿಸಿ ಮತ್ತೊಮ್ಮೆ ನೋಡಬಹುದು, ಅಧ್ಯಾಪಕರ ಮಾತನ್ನು ನಿಲ್ಲಿಸಲಾಗದು. ಫಲಿತಾಂಶ ಬರುತ್ತದೆ: ನೀನು ಕೇಳಿ ಕಲಿಯುವವಳಲ್ಲ.

ಅವಳಿಗೆ ಇದ್ದ ತೊಂದರೆ ಕೇಳುವುದರದ್ದಲ್ಲ. ಕಿವಿಗೆ ಆ ಇಂಗ್ಲಿಷು ಇನ್ನೂ ಹತ್ತಿರಲಿಲ್ಲ. ಅದಕ್ಕೆ ಮದ್ದಿದೆ. ಮೂರು ತಿಂಗಳು ಮುಂದಿನ ಬೆಂಚಿನಲ್ಲಿ ಕೂತು, ನಾಳೆಯ ಪಾಠದ ಪಾರಿಭಾಷಿಕ ಪದಗಳನ್ನು ಇವತ್ತೇ ನೋಡಿಕೊಂಡು, ಗೊತ್ತಾಗದ್ದನ್ನು ಪಕ್ಕದವಳಲ್ಲಿ ಕೇಳಿದರೆ ಕಿವಿ ತೆರೆದುಕೊಳ್ಳುತ್ತದೆ. ಹಾಳೆ ಆ ತಾತ್ಕಾಲಿಕ ತೊಂದರೆಯನ್ನು ಅವಳ ಹುಟ್ಟುಗುಣವೆಂದು ಹೇಳಿಬಿಟ್ಟಿತು. ಇನ್ನು ಅವಳು ಉಪನ್ಯಾಸಕ್ಕೆ ಹೋಗುವುದನ್ನು ಕಡಿಮೆ ಮಾಡಿ ರೂಮಿನಲ್ಲಿ ನೋಟ್ಸು ಓದುತ್ತಾಳೆ, ಅದೂ ಅಪರಾಧಭಾವವಿಲ್ಲದೆ. ಕಲಿಕೆಯ ಶೈಲಿ ಎಂಬ ವಿಚಾರದ ಮೇಲೆ ಇರಬೇಕಾದ ದೊಡ್ಡ ಆಕ್ಷೇಪಣೆ ಇದೇ. ಗಣಿತದ ತಳಪಾಯ ಸಡಿಲವಿದ್ದವನಿಗೆ ‘ನೀನು ಪ್ರಾಯೋಗಿಕ ಮನುಷ್ಯ’ ಎನ್ನುತ್ತದೆ. ಬರೆಯುವ ಅಭ್ಯಾಸ ತಪ್ಪಿದವನಿಗೆ ‘ನೀನು ಚಿತ್ರದಲ್ಲಿ ಯೋಚಿಸುವವನು’ ಎನ್ನುತ್ತದೆ. ತುಂಬಬಹುದಾದ ಹಳ್ಳವನ್ನೆಲ್ಲ ಅದು ವ್ಯಕ್ತಿತ್ವವೆಂದು ಕರೆದು ಹಾಗೇ ಬಿಡುತ್ತದೆ.

ಭಾಷೆಯ ಈ ಹಳ್ಳ ಕೋಲ್ಕತ್ತಕ್ಕೆ ಹೊಸದಲ್ಲ. ರವೀಂದ್ರನಾಥ ಠಾಕೂರರು 1892ರಲ್ಲಿಯೇ ಶಿಕ್ಷಣದ ಬಗ್ಗೆ ಬರೆದ ಪ್ರಸಿದ್ಧ ಪ್ರಬಂಧದಲ್ಲಿ ಪರಭಾಷೆಯ ಮೂಲಕ ನಡೆಯುವ ಕಲಿಕೆ ಬದುಕಿಗೆ ಅಂಟುವುದಿಲ್ಲ ಎಂದು ವಾದಿಸಿದ್ದರು. ಭೌತವಿಜ್ಞಾನಿ ಸತ್ಯೇಂದ್ರನಾಥ ಬೋಸರು 1948ರಲ್ಲಿ ಬಂಗೀಯ ವಿಜ್ಞಾನ ಪರಿಷತ್ತನ್ನು ಕಟ್ಟಿ ಬಂಗಾಳಿಯಲ್ಲಿ ವಿಜ್ಞಾನ ಪತ್ರಿಕೆ ಹೊರಡಿಸಿದರು. (ಬೆಳ್ಳಾವೆ ವೆಂಕಟನಾರಣಪ್ಪನವರು ಮತ್ತು ನಂಗಪುರಂ ವೆಂಕಟೇಶ ಅಯ್ಯಂಗಾರ್ಯರು ಬೆಂಗಳೂರಿನಿಂದ ಕನ್ನಡದ ‘ವಿಜ್ಞಾನ’ ಮಾಸಪತ್ರಿಕೆ ಹೊರಡಿಸಿದ್ದು 1918ರಲ್ಲಿ, ಅಂದರೆ ಅದಕ್ಕೂ ಮೂವತ್ತು ವರ್ಷ ಮೊದಲು. ಅದನ್ನು ಮುಂದುವರಿಸಿಕೊಂಡು ಹೋಗಲು ಆಗಲಿಲ್ಲ ಎಂಬುದು ಬೇರೆ ಮಾತು.) ವಿದ್ಯಾರ್ಥಿಗೆ ಅರ್ಥವಾಗದಿದ್ದಾಗ ಇವರಿಬ್ಬರೂ ಹುಡುಕಿದ್ದು ಅಡ್ಡ ನಿಂತಿರುವುದು ಏನೆಂದು. ವಿದ್ಯಾರ್ಥಿ ಯಾವ ಜಾತಿಯ ಪ್ರಾಣಿ ಎಂದು ಅವರು ಕೇಳಲಿಲ್ಲ.

ಒಂದು ಮಾತನ್ನು ಬಿಡಿಸಿ ಹೇಳಬೇಕು. ವಿದ್ಯಾರ್ಥಿಗಳ ನಡುವೆ ವ್ಯತ್ಯಾಸವೇ ಇಲ್ಲ ಎಂದು ಯಾರೂ ಹೇಳುತ್ತಿಲ್ಲ. ಕಣ್ಣು ಕಾಣದವರಿಗೆ ಪಠ್ಯ ಧ್ವನಿಯಲ್ಲಿ ಬೇಕು, ಕಿವಿ ಕೇಳದವರಿಗೆ ಬರಹದಲ್ಲಿ ಅಥವಾ ಸನ್ನೆಯಲ್ಲಿ ಬೇಕು. ಅಕ್ಷರಗಳು ಕಲಸಿಹೋಗುವ ಡಿಸ್ಲೆಕ್ಸಿಯಾದಂಥ ಕಲಿಕೆಯ ತೊಂದರೆಯನ್ನು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಗುರುತಿಸಿದೆ. ಪರೀಕ್ಷೆಯಲ್ಲಿ ಹೆಚ್ಚು ಸಮಯ ಪಡೆಯುವುದು ಅಂಥವರ ಹಕ್ಕು. ಅವರ ತೊಂದರೆಗೆ ‘ಸ್ಟೈಲ್’ ಎಂದು ಹೆಸರಿಟ್ಟರೆ ಹಕ್ಕಾಗಬೇಕಾದದ್ದು ಅಭಿರುಚಿಯ ಮಟ್ಟಕ್ಕೆ ಇಳಿಯುತ್ತದೆ.

ಹಾಗಾದರೆ ಕಾಲೇಜಿಗೆ ಹೋಗುವವರು ತಮ್ಮ ಬಗ್ಗೆ ತಿಳಿಯಬೇಕಾದ್ದು ಏನೂ ಇಲ್ಲವೇ? ಇದೆ. ಅದು ಹದಿನಾರು ಪ್ರಶ್ನೆಗಳಿಗೆ ಸಿಗುವಂಥದ್ದಲ್ಲ. ಅದನ್ನು ನೋಡಲು ಕಾಲೇಜ್ ಸ್ಟ್ರೀಟಿಗೇ ಹೋಗಬೇಕು. ಪ್ರೆಸಿಡೆನ್ಸಿಯ ಬೇಲಿಗೆ ಆತು ನಿಂತ ಪುಸ್ತಕದಂಗಡಿಗಳ ಸಾಲಿನಲ್ಲಿ ದೊಡ್ಡ ಗ್ರಂಥಗಳ ಪಕ್ಕದಲ್ಲಿಯೇ ತೆಳ್ಳಗಿನ ‘ಸಾಜೆಶನ್’ ಪುಸ್ತಿಕೆಗಳು ಇರುತ್ತವೆ. ಈ ಸಲ ಪರೀಕ್ಷೆಗೆ ಯಾವ ಪ್ರಶ್ನೆ ಬರಬಹುದು, ಅದಕ್ಕೆ ಯಾವ ಉತ್ತರ ಬರೆಯಬೇಕು ಎಂಬುದು ಅವುಗಳಲ್ಲಿ ಸಿದ್ಧವಾಗಿರುತ್ತದೆ. ನಮ್ಮ ಕಡೆಯ ‘ಪಾಸಿಂಗ್ ಪ್ಯಾಕೇಜು’ ಇದರ ತಮ್ಮ. ಟ್ಯೂಶನ್ನಂತೂ ಬಂಗಾಳದಲ್ಲಿ ಊಟದಷ್ಟೇ ಸಹಜ. 2022ರ ‘ಅಸರ್’ ಸಮೀಕ್ಷೆಯಲ್ಲಿ ಪಶ್ಚಿಮ ಬಂಗಾಳದ ಹಳ್ಳಿಗಳ ಶಾಲಾ ಮಕ್ಕಳಲ್ಲಿ ಸುಮಾರು ಮುಕ್ಕಾಲು ಪಾಲು ಹಣ ಕೊಟ್ಟು ಟ್ಯೂಶನ್ನಿಗೆ ಹೋಗುತ್ತಿದ್ದರು. ಕಾಲೇಜಿಗೆ ಬರುವ ಹೊತ್ತಿಗೆ ಬೇರೆಯವರು ತಯಾರಿಸಿ ಕೊಟ್ಟ ನೋಟ್ಸನ್ನು ಓದುವುದೇ ಓದು ಎಂಬ ರೂಢಿ ಬಲಿತಿರುತ್ತದೆ.

ಈ ರೋಗಕ್ಕೆ ನೂರು ವರ್ಷ ಮೀರಿದೆ. ಕಲ್ಕತ್ತ ವಿಶ್ವವಿದ್ಯಾಲಯದ ಸ್ಥಿತಿಗತಿ ಪರಿಶೀಲಿಸಲು 1917ರಲ್ಲಿ ಇಂಗ್ಲೆಂಡಿನ ಲೀಡ್ಸ್ ವಿಶ್ವವಿದ್ಯಾಲಯದ ಕುಲಪತಿ ಮೈಕೆಲ್ ಸ್ಯಾಡ್ಲರ್ ಅವರ ಅಧ್ಯಕ್ಷತೆಯಲ್ಲಿ ಆಯೋಗವೊಂದು ನೇಮಕವಾಯಿತು. ಅಶುತೋಷ್ ಮುಖರ್ಜಿಯವರೂ ಅದರ ಸದಸ್ಯರು. 1919ರಲ್ಲಿ ಬಂದ ಹದಿಮೂರು ಸಂಪುಟಗಳ ವರದಿ ಪರೀಕ್ಷೆಯೇ ಎಲ್ಲವನ್ನೂ ಆಳುತ್ತಿರುವುದನ್ನು, ಅಧ್ಯಾಪಕರು ನೋಟ್ಸು ಬರೆಸುವುದನ್ನು, ವಿದ್ಯಾರ್ಥಿಗಳು ಗೈಡುಗಳನ್ನು ಉರು ಹೊಡೆಯುವುದನ್ನು ಟೀಕಿಸಿತು. ನಡುವೆ 1918ರಲ್ಲಿ ರವೀಂದ್ರನಾಥರ ಗಿಣಿಯ ಕಥೆ ಬಂತು. ಗಿಣಿಗೆ ವಿದ್ಯೆ ಕಲಿಸಲು ಚಿನ್ನದ ಪಂಜರ, ಪಂಡಿತರು, ರಾಶಿ ರಾಶಿ ಹಸ್ತಪ್ರತಿ, ಎಲ್ಲ ಸಿದ್ಧ. ಗಿಣಿಯನ್ನು ನೋಡುವವರು ಮಾತ್ರ ಯಾರೂ ಇಲ್ಲ. ಈಗಿನ ಶೈಲಿಯ ಹಾಳೆ ಗಿಣಿಯನ್ನು ನೋಡಿದಂತೆ ನಟಿಸುತ್ತದೆ, ಅಷ್ಟೇ. ಅದರ ಹೊಟ್ಟೆಯೊಳಗೆ ಏನು ಹೋಗಿದೆ ಎಂದು ಅದೂ ನೋಡುವುದಿಲ್ಲ.

ನೋಡಲು ಒಂದು ಉಪಾಯವಿದೆ. 2006ರಲ್ಲಿ ಅಮೆರಿಕದ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕೆ ಒಂದು ಪ್ರಯೋಗ ಪ್ರಕಟಿಸಿದರು. ಕಾಲೇಜು ವಿದ್ಯಾರ್ಥಿಗಳ ಒಂದು ಗುಂಪು ಒಂದು ಗದ್ಯಭಾಗವನ್ನು ನಾಲ್ಕು ಸರದಿ ಓದಿತು. ಇನ್ನೊಂದು ಗುಂಪು ಒಂದೇ ಸರದಿ ಓದಿ, ಉಳಿದ ಮೂರು ಸರದಿಯಲ್ಲಿ ಹಾಳೆ ಮುಚ್ಚಿಟ್ಟು ನೆನಪಿದ್ದಷ್ಟನ್ನು ಬರೆಯಿತು. ಐದು ನಿಮಿಷ ಬಿಟ್ಟು ಪರೀಕ್ಷೆ ಮಾಡಿದಾಗ ಓದಿದವರೇ ಮುಂದೆ: ಅವರಿಗೆ 83 ಶೇಕಡಾ ನೆನಪಿತ್ತು, ಬರೆದವರಿಗೆ 71. ಒಂದು ವಾರದ ನಂತರ ಚಿತ್ರ ತಿರುಗಿತು. ನಾಲ್ಕು ಸರದಿ ಓದಿದವರಲ್ಲಿ ಉಳಿದದ್ದು 40 ಶೇಕಡಾ, ಮುಚ್ಚಿಟ್ಟು ಬರೆದವರಲ್ಲಿ 61. ಇದಕ್ಕಿಂತ ಮುಖ್ಯವಾದ ಅಂಶ ಇನ್ನೊಂದಿದೆ. ಮುಂದೆ ನಿಮಗೆ ಎಷ್ಟು ನೆನಪಿರಬಹುದು ಎಂದು ಮೊದಲೇ ಕೇಳಿದಾಗ ಹೆಚ್ಚು ಧೈರ್ಯದಿಂದ ಉತ್ತರಿಸಿದವರು ಓದಿದ ಗುಂಪಿನವರು.

ಅಂದರೆ ಕಲಿತಿದ್ದೇನೆ ಎಂಬ ಅನಿಸಿಕೆಗೂ ಕಲಿತದ್ದಕ್ಕೂ ಸಂಬಂಧ ತೀರ ಸಡಿಲ. ಹಾರ್ವರ್ಡಿನ ಭೌತವಿಜ್ಞಾನ ತರಗತಿಗಳಲ್ಲಿ ನಡೆದು 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲೂ ಇದೇ ಕಂಡಿತು. ತಾವೇ ಲೆಕ್ಕ ಬಿಡಿಸುತ್ತ ಒದ್ದಾಡಿದ ವಿದ್ಯಾರ್ಥಿಗಳು ಹೆಚ್ಚು ಕಲಿತಿದ್ದರು, ಆದರೆ ಕಡಿಮೆ ಕಲಿತೆವು ಅಂದುಕೊಂಡಿದ್ದರು. ನಿರರ್ಗಳವಾದ ಉಪನ್ಯಾಸ ಕೇಳಿದವರು ಅದಕ್ಕೆ ವಿರುದ್ಧ. ಶೈಲಿಯ ಪ್ರಶ್ನಾವಳಿಯ ತಳ ಕುಸಿಯುವುದು ಇಲ್ಲಿಯೇ. ಅದು ಕೇಳುವುದು ‘ನಿಮಗೆ ಹೇಗೆ ಓದಿದರೆ ಹಿತ?’ ಎಂದು. ಹಿತವಾದ ದಾರಿ ಬಹಳ ಸಲ ಕಡಿಮೆ ಕಲಿಸುವ ದಾರಿಯಾಗಿರುತ್ತದೆ. ಹಳದಿ ಹೈಲೈಟರು ಎಳೆದ ಪುಟವನ್ನು ಐದನೆಯ ಸಲ ಓದುವುದು ಬಹಳ ಹಿತ. ಪರಿಚಯದ ಸಾಲುಗಳು ಎದುರಾಗುತ್ತವೆ, ತಲೆ ‘ಗೊತ್ತು, ಗೊತ್ತು’ ಎನ್ನುತ್ತದೆ. ಪುಸ್ತಕ ಮುಚ್ಚಿ ಖಾಲಿ ಹಾಳೆಯ ಮುಂದೆ ಕೂತಾಗ ಬರುವ ಕಸಿವಿಸಿ ಯಾರಿಗೂ ಹಿತವಲ್ಲ.

ಸಿಯಾಲ್ದಾದ ದಾರಿಯ ಪ್ರಶ್ನೆಗೂ ಇಲ್ಲಿ ಬೇರೆ ಉತ್ತರ ಸಿಗುತ್ತದೆ. ನಕ್ಷೆ ಕೊಟ್ಟರೂ ಬಾಯಲ್ಲಿ ಹೇಳಿದರೂ ಆ ಮನುಷ್ಯ ಒಂದು ಸಲ ಕಾಫಿ ಹೌಸು ತಲುಪುತ್ತಾನೆ. ದಾರಿ ಕಲಿಯುವುದು ಎರಡನೆಯ ಸಲ ಯಾರನ್ನೂ ಕೇಳದೆ ಹೋಗಲು ನೋಡಿ, ಒಂದು ತಿರುವು ತಪ್ಪಿ, ಮರಳಿ ಬಂದಾಗ. ಒಂದು ವರ್ಷ ಫೋನಿನ ನಕ್ಷೆ ನೋಡಿಕೊಂಡೇ ಓಡಾಡಿದವನಿಗೆ ಚಾರ್ಜು ಮುಗಿದ ದಿನ ತನ್ನ ಹಾಸ್ಟೆಲಿನ ಗಲ್ಲಿಯೂ ಹೊಸದು.

ಹಾವೇರಿಯ ಹುಡುಗಿಗೆ ಬೇಕಾದ ಆತ್ಮಜ್ಞಾನ ಈ ಬಗೆಯದು. ಪುಸ್ತಕ ಮುಚ್ಚಿದಾಗ ನನ್ನಲ್ಲಿ ಏನು ಉಳಿದಿದೆ? ಒಂದು ವಾರದ ಮೇಲೆ ಏನು ಉಳಿದಿರುತ್ತದೆ? ನನ್ನ ತಪ್ಪುಗಳು ಎಲ್ಲಿ ಮತ್ತೆ ಮತ್ತೆ ಆಗುತ್ತವೆ, ಲೆಕ್ಕದಲ್ಲೋ, ಪ್ರಶ್ನೆಯ ಇಂಗ್ಲಿಷನ್ನು ಅರ್ಥಮಾಡಿಕೊಳ್ಳುವುದರಲ್ಲೋ? ಯಾವ ಹೊತ್ತಿನಲ್ಲಿ ತಲೆ ಓಡುತ್ತದೆ? ಇವಕ್ಕೆ ಉತ್ತರ ಹೊರಗಿನವರು ಕೊಡಲಾರರು, ಒಂದೇ ದಿನದಲ್ಲೂ ಸಿಗದು. ಸಂಜೆ ಪಾಠ ಮುಗಿದ ಮೇಲೆ ನೋಟ್ಸು ತೆರೆಯದೆ ಅರ್ಧ ಪುಟ ಬರೆದು, ಆಮೇಲೆ ತೆರೆದು ಹೋಲಿಸಿದರೆ ಹದಿನೈದು ದಿನದಲ್ಲಿ ಸಾಕಷ್ಟು ಗೊತ್ತಾಗುತ್ತದೆ. ಊರಿಗೆ ಫೋನು ಮಾಡಿದಾಗ ಆ ದಿನ ಕಲಿತದ್ದನ್ನು ತಂಗಿಗೆ ಕನ್ನಡದಲ್ಲಿ ಹೇಳಿದರೆ ಇನ್ನೂ ಬೇಗ ಗೊತ್ತಾಗುತ್ತದೆ. ಇಂಗ್ಲಿಷಿನ ಪದದ ಹಿಂದೆ ಅಡಗಿ ಕೂತಿದ್ದ ಅಜ್ಞಾನ ಕನ್ನಡಕ್ಕೆ ಬಂದ ಕೂಡಲೇ ಬಯಲಾಗುತ್ತದೆ. ‘ಎಂಟ್ರಪಿ’ ಎಂದು ಕ್ಲಾಸಿನಲ್ಲಿ ಹೇಳಿ ಪಾರಾಗಬಹುದು. ‘ಹಂಗಂದ್ರೇನವ್ವಾ ಅಕ್ಕಾ?’ ಎಂದು ತಂಗಿ ಕೇಳಿದಾಗ ಪಾರಾಗಲು ಆಗುವುದಿಲ್ಲ.

ಕೋಲ್ಕತ್ತದ ಕ್ಯಾಲೆಂಡರು ಕೂಡ ಇದಕ್ಕೆ ಸಹಾಯ ಮಾಡುತ್ತದೆ, ಬಳಸಿಕೊಳ್ಳಲು ಬಂದರೆ. ಜುಲೈ–ಆಗಸ್ಟಿನಲ್ಲಿ ಪಾಠ ಆರಂಭ, ಸ್ವಲ್ಪ ದಿನಕ್ಕೆ ದುರ್ಗಾಪೂಜೆಯ ರಜೆ. ಪೂಜೆಗೆ ಮೊದಲು ಗಟ್ಟಿಯಾಗಿದೆ ಅನ್ನಿಸಿದ್ದ ಅಧ್ಯಾಯ ರಜೆ ಮುಗಿಸಿ ಬಂದಾಗ ಅರ್ಧ ಕರಗಿರುತ್ತದೆ. ಹೆಚ್ಚಿನವರು ಇದನ್ನು ನೋಡಿ ಗಾಬರಿಯಾಗುತ್ತಾರೆ. ಮರೆಯುವ ಹೊತ್ತಿಗೆ ಮತ್ತೆ ನೆನಪಿಸಿಕೊಂಡದ್ದು ಹೆಚ್ಚು ಕಾಲ ನಿಲ್ಲುತ್ತದೆ ಎಂಬುದು ಜರ್ಮನಿಯ ಎಬ್ಬಿಂಗ್‌ಹಾಸ್ 1885ರಲ್ಲಿ ನೆನಪಿನ ಮೇಲೆ ಪುಸ್ತಕ ಬರೆದ ಕಾಲದಿಂದ ಬೆಳೆದು ಬಂದ ಅರಿವು. ಒಂದೇ ರಾತ್ರಿ ಎಂಟು ಗಂಟೆ ಓದುವುದಕ್ಕಿಂತ ಎರಡೆರಡು ಗಂಟೆಯಂತೆ ನಾಲ್ಕು ವಾರ ಓದುವುದು ಲೇಸು. ಕಣ್ಣಿನವರಿಗೂ ಕಿವಿಯವರಿಗೂ ಇದು ಸಮಾನ.

ಅಡ್ಡಾದ ಬಗ್ಗೆ ಒಂದು ಮಾತು ಹೇಳದಿದ್ದರೆ ಬಂಗಾಳಿಗಳು ಸುಮ್ಮನಿರುವುದಿಲ್ಲ. ಗೆಳೆಯರು ಚಹಾ ಕುಡಿಯುತ್ತ ಗಂಟೆಗಟ್ಟಲೆ ಹರಟುವ ಈ ರೂಢಿಯಲ್ಲೇ ತಮ್ಮ ನಿಜವಾದ ವಿದ್ಯಾಭ್ಯಾಸ ಆಯಿತು ಎಂದು ಹೇಳಿಕೊಳ್ಳದ ಕೋಲ್ಕತ್ತದ ಬುದ್ಧಿಜೀವಿ ಅಪರೂಪ. ಅದರಲ್ಲಿ ಅರ್ಧ ನಿಜವಿದೆ. ಹೇಳಿದ್ದಕ್ಕೆ ಎದುರುತ್ತರ ಬರುವ ಜಾಗದಲ್ಲಿ ಅರೆಬರೆ ತಿಳಿವಳಿಕೆ ಹೆಚ್ಚು ಹೊತ್ತು ನಿಲ್ಲದು. ಉಳಿದರ್ಧ, ಚೆನ್ನಾಗಿ ಮಾತಾಡುವವನು ತನಗೆ ಗೊತ್ತಿಲ್ಲದ್ದನ್ನೂ ಗೆದ್ದುಬಿಡುವ ಜಾಗವೂ ಅದೇ. ಹೊರಗಿನಿಂದ ಬಂದ ಮಿತಭಾಷಿ ಹುಡುಗ ಅಲ್ಲಿ ತನ್ನನ್ನು ದಡ್ಡನೆಂದು ಎಣಿಸಿಕೊಳ್ಳಬೇಕಾಗಿಲ್ಲ.

ಎದುರಿನವರ ಪ್ರಶ್ನೆ ಏನು ಮಾಡಬಲ್ಲದು ಎಂಬುದಕ್ಕೆ ಅದೇ ನಗರದಲ್ಲಿ, ಕಾಫಿ ಹೌಸಿನ ಆಚೆಬದಿಯ ವಿಶ್ವವಿದ್ಯಾಲಯದಲ್ಲಿ ನಡೆದ ಒಂದು ಘಟನೆಯಿದೆ. ಸಿ.ಆರ್. ರಾವ್ ಹುಟ್ಟಿದ್ದು 1920ರಲ್ಲಿ, ಇಂದಿನ ವಿಜಯನಗರ ಜಿಲ್ಲೆಯ ಹೂವಿನಹಡಗಲಿಯಲ್ಲಿ, ತೆಲುಗು ಮನೆತನದಲ್ಲಿ. ತಾಯಿ ಬೆಳಗಿನ ನಾಲ್ಕಕ್ಕೆ ಎಬ್ಬಿಸಿ ಓದಲು ದೀಪ ಹಚ್ಚಿಡುತ್ತಿದ್ದರು ಎಂದು ಅವರು ಕೊನೆಯವರೆಗೂ ನೆನೆಯುತ್ತಿದ್ದರು. ಗಣಿತದಲ್ಲಿ ಎಂ.ಎ. ಮಾಡಿ, ಸೈನ್ಯದ ಸರ್ವೆ ವಿಭಾಗದ ಕೆಲಸವೊಂದರ ಸಂದರ್ಶನಕ್ಕೆಂದು ಕಲ್ಕತ್ತಕ್ಕೆ ಹೋದರು. ಕೆಲಸ ಸಿಗಲಿಲ್ಲ. ಅಲ್ಲಿ ತಂಗಿದ್ದ ಹೋಟೆಲಿನಲ್ಲಿ ಸಿಕ್ಕ ಒಬ್ಬರಿಂದ ಪಿ.ಸಿ. ಮಹಲನೋಬಿಸ್ ಕಟ್ಟಿದ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯ ಸುದ್ದಿ ತಿಳಿದು, 1941ರ ಆರಂಭದಲ್ಲಿ ಅಲ್ಲಿಗೆ ಸೇರಿದರು. 1943ರಲ್ಲಿ ಕಲ್ಕತ್ತ ವಿಶ್ವವಿದ್ಯಾಲಯದ ಸಂಖ್ಯಾಶಾಸ್ತ್ರದ ಎಂ.ಎ. ಪದವಿ ಪಡೆದು, ಅಲ್ಲಿಯೇ ಪಾಠ ಮಾಡತೊಡಗಿದರು. ತಾನು ಕಲಿತದ್ದನ್ನು ಇನ್ನೊಬ್ಬರಿಗೆ ಹೇಳುತ್ತ ತನಗೇ ಅದು ಎಷ್ಟು ಗೊತ್ತಿದೆ ಎಂದು ಕಂಡುಕೊಳ್ಳುವ ವಯಸ್ಸು ಅದು.

1944ರ ಒಂದು ದಿನ ರಾವ್ ಇಂಗ್ಲೆಂಡಿನ ರೊನಾಲ್ಡ್ ಫಿಶರರ ಒಂದು ಫಲಿತಾಂಶವನ್ನು ತರಗತಿಗೆ ವಿವರಿಸುತ್ತಿದ್ದರು. ಕೈಗೆ ಸಿಕ್ಕ ಮಾದರಿಯನ್ನು ನೋಡಿ ಇಡೀ ಜನಸಮೂಹದ ಬಗ್ಗೆ ಅಂದಾಜು ಮಾಡುವಾಗ ತಪ್ಪನ್ನು ಎಷ್ಟರಮಟ್ಟಿಗೆ ತಗ್ಗಿಸಬಹುದು, ಅದಕ್ಕೊಂದು ಮಿತಿ ಇದೆಯೇ ಎಂಬುದು ವಿಷಯ. ಫಿಶರರ ಉತ್ತರ ಮಾದರಿ ಬಹಳ ದೊಡ್ಡದಿದ್ದಾಗ ಅನ್ವಯಿಸುವಂಥದ್ದು. ವಿದ್ಯಾರ್ಥಿಯೊಬ್ಬರು ಎದ್ದು ಕೇಳಿದರು: ಮಾದರಿ ಚಿಕ್ಕದಿದ್ದರೆ ಇದನ್ನು ತೋರಿಸಲು ಬರುವುದಿಲ್ಲವೇ? ಕೇಳಿದವರು ಮುಂದೆ ಅರ್ಥಶಾಸ್ತ್ರಜ್ಞರಾಗಿ ಹೆಸರು ಮಾಡಿದ ವಿ.ಎಂ. ದಾಂಡೇಕರ್. ಮೇಷ್ಟರ ಬಳಿ ಉತ್ತರ ಇರಲಿಲ್ಲ. ನೋಟ್ಸಿನಲ್ಲೂ ಇರಲಿಲ್ಲ, ಯಾವ ಪುಸ್ತಕದಲ್ಲೂ ಅವರು ಕಂಡಿರಲಿಲ್ಲ. ರಾವ್ ಮನೆಗೆ ಹೋಗಿ ರಾತ್ರಿ ಕೂತು ಅದನ್ನು ಬಿಡಿಸಿದರು, ಮರುದಿನ ತರಗತಿಗೆ ಬಂದು ಬೋರ್ಡಿನ ಮೇಲೆ ಬರೆದು ತೋರಿಸಿದರು. 1945ರಲ್ಲಿ ಅದು ಕಲ್ಕತ್ತ ಗಣಿತ ಸಂಘದ ಪತ್ರಿಕೆಯಲ್ಲಿ ಪ್ರಕಟವಾಯಿತು. ಸ್ವೀಡನ್ನಿನ ಹೆರಾಲ್ಡ್ ಕ್ರೆಮರ್ ಸ್ವತಂತ್ರವಾಗಿ ಅದೇ ಫಲಿತಾಂಶಕ್ಕೆ ಬಂದಿದ್ದರಿಂದ ಸಂಖ್ಯಾಶಾಸ್ತ್ರದ ಪಠ್ಯಗಳು ಇಂದು ಅದನ್ನು ಕ್ರೆಮರ್–ರಾವ್ ಮಿತಿ ಎಂದು ಕರೆಯುತ್ತವೆ. 2023ರಲ್ಲಿ, 102ರ ವಯಸ್ಸಿನಲ್ಲಿ, ರಾವ್ ಅವರಿಗೆ ಸಂಖ್ಯಾಶಾಸ್ತ್ರದ ಅಂತರರಾಷ್ಟ್ರೀಯ ಪ್ರಶಸ್ತಿ ಬಂದಾಗ ಹೆಸರಿಸಿದ್ದು ಆ ಪ್ರಬಂಧವನ್ನೇ, ತರಗತಿಯ ಆ ಒಂದು ಪ್ರಶ್ನೆಯಿಂದ ಬೆಳೆದದ್ದನ್ನು.